ಹಾಂಗ್‌ಝೌ: ಅಮಾನ್‌ಫಾಯುನ್ ಒಳ್ಳೆಯದೋ, ಫೋರ್ ಸೀಸನ್ಸೋ?

ಚೀನಾದ ಹಾಂಗ್‌ಝೌ ನಗರದ ಈ ಎರಡೂ ಐಷಾರಾಮಿ ಹೋಟೆಲುಗಳು ಬಾಗಿಲು ತೆರೆದದ್ದು 2010ರಲ್ಲಿ. ಎರಡೂ ಲಿಂಗ್‌ಯಿನ್ ರಸ್ತೆಯ ಆಸುಪಾಸಿನಲ್ಲೇ ಇವೆ, ಎರಡರಲ್ಲೂ ರಾತ್ರಿಗೆ ಸಾವಿರಾರು ಯುವಾನ್. ಕೋಣೆಗಳ ಫೋಟೊ ಅಕ್ಕಪಕ್ಕ ಇಟ್ಟು ನೋಡಿದರೆ ತೀರ್ಮಾನಕ್ಕೆ ಬರುವುದು ಕಷ್ಟ. ಅಮಾನ್‌ಫಾಯುನ್ ಬೆಳಗಿನ ಜಾಗ, ಫೋರ್ ಸೀಸನ್ಸ್ ಸಂಜೆಯದು. ನಿಮಗೆ ಯಾವ ಹೊತ್ತು ಮುಖ್ಯ ಎಂಬುದರ ಮೇಲೆ ಆಯ್ಕೆ ನಿಂತಿದೆ.

ಅಮಾನ್‌ಫಾಯುನ್ ಎಂದರೆ ಫಾಯುನ್ ಎಂಬ ಹಳೆಯ ಹಳ್ಳಿಯ ಮನೆಗಳನ್ನೇ ದುರಸ್ತಿ ಮಾಡಿ ಕಟ್ಟಿದ ಹೋಟೆಲ್. ಸುತ್ತ ಚಹಾ ತೋಟ, ಪಕ್ಕದಲ್ಲೇ ಯೊಂಗ್‌ಫು ದೇವಾಲಯ, ಸ್ವಲ್ಪ ನಡೆದರೆ ಲಿಂಗ್‌ಯಿನ್ ದೇವಾಲಯ. ಕ್ರಿ.ಶ. 328ರಲ್ಲಿ ಲಿಂಗ್‌ಯಿನ್ ಸ್ಥಾಪಿಸಿದವನು ಭಾರತದಿಂದ ಬಂದ ಭಿಕ್ಷು ಎಂದು ಪರಂಪರೆ ಹೇಳುತ್ತದೆ. ಎದುರಿನ ಗುಡ್ಡವೂ ನಮ್ಮ ಕಡೆಯಿಂದಲೇ ಹಾರಿ ಬಂದದ್ದಂತೆ! ಪ್ರವಾಸಿ ಬಸ್ಸುಗಳು ಬರುವ ಮುನ್ನ, ಆರು ಆರೂವರೆಗೆ ಈ ಕಲ್ಲುಹಾದಿಯಲ್ಲಿ ನಡೆಯುವುದಕ್ಕೇ ಇಲ್ಲಿ ದುಡ್ಡು ಕೊಡುವುದು. ಏಳು ಗಂಟೆಯವರೆಗೆ ಮಲಗುವವರಿಗೆ ಇದು ದುಬಾರಿ ಹಾಸಿಗೆ ಅಷ್ಟೆ.

ಹಳ್ಳಿಮನೆಯ ಗುಣದ ಜೊತೆ ಅದರ ತೊಡಕೂ ಬರುತ್ತದೆ. ಕಿಟಕಿ ಚಿಕ್ಕವು, ಮರ ಕಪ್ಪು, ಹಾಗಾಗಿ ಮಧ್ಯಾಹ್ನವೂ ಓದಲು ದೀಪ ಬೇಕು. ಚಕ್ರದ ಪೆಟ್ಟಿಗೆ ಕಲ್ಲುಹಾಸಿನ ಮೇಲೆ ಉರುಳುವುದಿಲ್ಲ, ಅದನ್ನು ಸಿಬ್ಬಂದಿಗೆ ಒಪ್ಪಿಸಿ. ಮಂಡಿನೋವಿನ ಹಿರಿಯರಿದ್ದರೆ ಮೆಟ್ಟಿಲು ಕಡಿಮೆ ಇರುವ ಮನೆಯನ್ನು ಬುಕಿಂಗ್ ವೇಳೆಯಲ್ಲೇ ಕೇಳಿ. ಜೂನ್ ಮಧ್ಯದಿಂದ ಜುಲೈ ಆರಂಭದವರೆಗೆ ಜಿಟಿಜಿಟಿ ಮಳೆಗಾಲ. ಕಣಿವೆಯ ತೇವದಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಸಾಧ್ಯವಾದರೆ ಮಾರ್ಚ್ ಕೊನೆಯಲ್ಲಿ ಹೋಗಿ: ಏಪ್ರಿಲ್ 5ರ ಸುಮಾರಿನ ಚಿಂಗ್‌ಮಿಂಗ್ ಹಬ್ಬಕ್ಕೆ ಮುಂಚೆ ಕೀಳುವ, ಇಲ್ಲಿನ ಹೆಸರಾಂತ ಲಾಂಗ್‌ಜಿಂಗ್ ಚಹಾದ ಚಿಗುರೇ ಅತಿ ಬೆಲೆಯದ್ದು.

ಫೋರ್ ಸೀಸನ್ಸ್‌ನಲ್ಲಿ ಇಂಥ ತಲೆನೋವಿಲ್ಲ. ಬೆಳಕಿನ ಕೋಣೆ, ತೋಟ, ಕೊಳ. ಮಕ್ಕಳಿದ್ದರೆ ಹೆಚ್ಚು ಯೋಚಿಸಬೇಡಿ, ಇಲ್ಲೇ ಉಳಿಯಿರಿ. ಪಶ್ಚಿಮ ಸರೋವರದ ತಾವರೆ ತೋಟಕ್ಕೂ ಸು ಏರಿಗೂ ನಡೆದೇ ಹೋಗಬಹುದು. ಸುಮಾರು 2.8 ಕಿ.ಮೀ. ಉದ್ದದ ಆ ಏರಿಯ ಮೇಲೆ ಸೂರ್ಯಾಸ್ತ ನೋಡಿ ಊಟಕ್ಕೆ ವಾಪಸಾಗುವುದು ಸಲೀಸು. ಆದರೆ ಕಿಟಕಿ ತೆರೆದರೆ ಸರೋವರ ಎಂದುಕೊಂಡು ಬುಕ್ ಮಾಡಬೇಡಿ, ಎದುರಿಗೆ ಕಾಣುವುದು ಹೆಚ್ಚಾಗಿ ತೋಟ ಮತ್ತು ಕೊಳ.

ಊಟದ ವಿಷಯದಲ್ಲಿ ಫೋರ್ ಸೀಸನ್ಸ್‌ನ ಜಿನ್ ಶಾ ರೆಸ್ಟೊರೆಂಟ್ ಮುಂದೆ. 2023ರ ಮೊದಲ ಹಾಂಗ್‌ಝೌ ಮಿಶೆಲಿನ್ ಪಟ್ಟಿಯಲ್ಲೇ ಅದಕ್ಕೆ ಒಂದು ನಕ್ಷತ್ರ ಸಿಕ್ಕಿತ್ತು. ಸಸ್ಯಾಹಾರಿಗಳು ಮಾತ್ರ ಎಚ್ಚರ: ಚೀನಾದಲ್ಲಿ ಸೊಪ್ಪಿನ ಪಲ್ಯಕ್ಕೂ ಕೋಳಿಸಾರು, ಹಂದಿಕೊಬ್ಬು ಬೀಳುವುದುಂಟು. ಮಾಂಸ ಬೇಡ ಎಂದರೆ ಸಾಲದು, ‘ಚುನ್ ಸು’ (ಪೂರ್ತಿ ಸಸ್ಯಾಹಾರ) ಎನ್ನಿ. ಹಿಂದಿನ ದಿನವೇ ತಿಳಿಸಿದರೆ ಅಡುಗೆಮನೆಗೂ ಅನುಕೂಲ. ಬೌದ್ಧ ಮಠದ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಮಡಿ ಊಟದವರಿಗೆ ಫಾಯುನ್ ಕಡೆಯ ದೇವಾಲಯಗಳು ಸಲೀಸಾಗಲು ಇದೂ ಕಾರಣ.

ದರ ಹೋಲಿಸುವಾಗ ಶೇ. 10 ಸೇವಾಶುಲ್ಕ, ಅದರ ಮೇಲೆ ಶೇ. 6 ತೆರಿಗೆ ಸೇರಿದೆಯೇ ನೋಡಿ. ಸೇರಿರದಿದ್ದರೆ ಬಿಲ್ ಶೇ. 16.6 ಏರುತ್ತದೆ. ಅಕ್ಟೋಬರ್ 1ರಿಂದ 7ರವರೆಗಿನ ರಾಷ್ಟ್ರೀಯ ರಜೆಯಲ್ಲಿ ಎರಡನ್ನೂ ಬಿಡಿ, ಜನಜಂಗುಳಿಯಲ್ಲಿ ಲಿಂಗ್‌ಯಿನ್ ರಸ್ತೆ ದಾಟುವುದೇ ಒಂದು ಕೆಲಸ. ಟ್ಯಾಕ್ಸಿಯವರಿಗೆ ಬರೀ ಫೋರ್ ಸೀಸನ್ಸ್ ಎಂದರೆ ಪೇಟೆ ನಡುವಿನ ಅದೇ ಕಂಪನಿಯ ಇನ್ನೊಂದು ಹೋಟೆಲಿಗೆ ಒಯ್ದಾರು. ‘ಶೀಝಿ ಹು’ ಎಂಬ, ಪಶ್ಚಿಮ ಸರೋವರದ ಇನ್ನೊಂದು ಹೆಸರು ಸೇರಿದ ಚೀನೀ ವಿಳಾಸವನ್ನು ಫೋನಿನಲ್ಲಿ ತೋರಿಸಿ.

ಮೂರು ರಾತ್ರಿ ಇದ್ದರೆ ಎರಡು ಸರೋವರದ ಬದಿ, ಕೊನೆಯದು ಫಾಯುನ್‌ನಲ್ಲಿ. ತಿರುವುಮುರುವು ಮಾಡಬೇಡಿ, ಆ ಹಳ್ಳಿಯ ನಿಶ್ಶಬ್ದ ಕಂಡ ಮೇಲೆ ಎಂಥ ಲಾಬಿಯೂ ಗದ್ದಲ ಎನಿಸುತ್ತದೆ.