ನಗರ ಕೌನ್ಸಿಲ್‌ನ ಮಾಮೂಲಿ ಮೀಟಿಂಗ್: 5ಕ್ಕೆ 3 ಸ್ಟಾರ್, ಆದ್ರೂ ನೋಡ್ಲೇಬೇಕು

ತೆರಿಗೆ ಕಟ್ಟೋರಿಗೆ ಫ್ರೀಯಾಗಿ ಸಿಗೋ ಸರ್ವಿಸ್ ಇದು, ಆದ್ರೆ ಬಳಸೋರು ತೀರಾ ಕಮ್ಮಿ. ನಗರ ಕೌನ್ಸಿಲ್‌ನ ಸಾಮಾನ್ಯ ಸಭೆ. ಜೋರು ಜಗಳ ಆಗಿ ಮಾರನೇ ದಿನ ಪೇಪರಲ್ಲಿ ಬರತ್ತಲ್ಲ ಆ ಸಭೆ ಬಗ್ಗೆ ಹೇಳ್ತಿಲ್ಲ. ಬಿಲ್ ಪಾಸ್ ಮಾಡೋದು, ಟೆಂಡರ್ ಒಪ್ಪೋದು, ಅಗ್ನಿಶಾಮಕ ದಳಕ್ಕೆ ಸಾಮಾನು ತರ್ಸೋದು, ಯಾವ್ದೋ ಕ್ರಾಸಿಂಗಿಗೆ ಸಿಗ್ನಲ್ ಹಾಕ್ಸೋದು, ಹಿಂಗೆ ಕೇಳಿದ್ರೇನೇ ಆಕಳಿಕೆ ಬರೋ ಐಟಂಗಳು ಇರೋ ಸಭೆ. ನಾನಿದನ್ನ ಬಿಡದೆ ಫಾಲೋ ಮಾಡ್ತೀನಿ, ಯಾಕಂದ್ರೆ ದುಡ್ಡಿನ ಐಟಂ ಅಂತ ಬರೆದಿರೋದ್ರಲ್ಲಿ ಎಷ್ಟೋ ಸಲ ಯಾರದ್ದೋ ಜೀವದ ಪ್ರಶ್ನೆ ಇರತ್ತೆ.

ಮೊದ್ಲು ಒಳ್ಳೇದು ಹೇಳ್ತೀನಿ. ಅಜೆಂಡಾ ಮುಂಚೇನೇ ಬರತ್ತೆ, ಜೊತೆಗೆ ಲಗತ್ತುಗಳೂ ಇರತ್ವೆ. ಅಸಲಿ ಮಾಲು ಇರೋದು ಈ ಲಗತ್ತಿನಲ್ಲೇ. ಅಧಿಕಾರಿಗಳ ವರದಿ, ಯಾರ್ ಯಾರು ಎಷ್ಟಕ್ಕೆ ಬಿಡ್ ಹಾಕಿದಾರೆ, ದುಡ್ಡು ಯಾವ ಖಾತೆಯಿಂದ ಹೋಗತ್ತೆ, ಎಲ್ಲಾ ಅಲ್ಲಿರತ್ತೆ. ಇದನ್ನ ಓದ್ಕೊಂಡು ಸಭೆ ನೋಡೋದಕ್ಕೂ ಓದದೇ ನೋಡೋದಕ್ಕೂ ತುಂಬಾ ವ್ಯತ್ಯಾಸ, ಓದದೇ ಹೋದ್ರೆ ಬರೀ ನಂಬರ್ ಕೂಗಿ ಕೈ ಎತ್ತೋದು ಕಾಣತ್ತೆ ಅಷ್ಟೇ.

ಬೇಜಾರಿನ ವಿಷ್ಯ ಅಂದ್ರೆ ಕನ್ಸೆಂಟ್ ಅಜೆಂಡಾ. ಮಾಮೂಲಿ ಅನ್ಸಿದ ಐಟಂಗಳನ್ನೆಲ್ಲ ಒಟ್ಟು ಕಟ್ಟಿ, ಚರ್ಚೆ ಇಲ್ದೆ ಒಂದೇ ಮತದಲ್ಲಿ ಪಾಸ್ ಮಾಡೋ ಪದ್ಧತಿ, ಬಹಳ ಕಡೆ ಇದೆ. ಟೈಮ್ ಉಳಿಯತ್ತೆ ನಿಜ, ಎಲ್ಲಾ ಬಿಲ್ಲಿಗೂ ಚರ್ಚೆ ಮಾಡ್ತಾ ಕೂತ್ರೆ ಬೆಳಗಾಗೋಗತ್ತೆ. ಆದ್ರೆ ಏನು ಆ ಕಟ್ಟಿನೊಳಗೆ ಸೇರ್ಕೊಳತ್ತೆ ಅನ್ನೋದು ಮುಖ್ಯ. ಯಾರೂ ಗಮನಿಸದೇ ಇದ್ರೆ ಏನಾಗ್ಬಹುದು ಅನ್ನೋದಕ್ಕೆ ಕ್ಯಾಲಿಫೋರ್ನಿಯಾದ ಬೆಲ್ ಅನ್ನೋ ಸಣ್ಣ ಊರಿನ ಕಥೆ ನೋಡಿ, 2010ರಲ್ಲಿ ಹೊರಗೆ ಬಂತು. ಸಿಟಿ ಮ್ಯಾನೇಜರ್, ಅಂದ್ರೆ ನಗರದ ಆಡಳಿತ ನಡೆಸೋ ಮುಖ್ಯ ಅಧಿಕಾರಿ, ಅವರ ಸಂಬಳ ವರ್ಷಕ್ಕೆ ಹತ್ರಹತ್ರ 8 ಲಕ್ಷ ಡಾಲರ್! ಪಾರ್ಟ್‌ಟೈಮ್ ಕೌನ್ಸಿಲ್ ಸದಸ್ಯರು ನಾಕೈದು ಮಂಡಳಿಗಳ ಹೆಸರಲ್ಲೂ ದುಡ್ಡು ತಗೋತಿದ್ರು, ಆ ಮಂಡಳಿಗಳೆಲ್ಲ ಕೌನ್ಸಿಲ್ ಸಭೆ ದಿನವೇ ಕೆಲವೇ ನಿಮಿಷ ಸೇರಿ ಮುಗಿಸಿಬಿಡ್ತಿದ್ವು. ಬಡವರೇ ಜಾಸ್ತಿ ಇರೋ ಊರು ಅದು, ಜನ ತೆರಿಗೆ ಕಟ್ತಾನೇ ಇದ್ರು. ಓದಿದಾಗ ಹೊಟ್ಟೆ ಉರೀತು ನಂಗೆ.

ಒಂದು ವಿಷ್ಯ ಬಹಳ ಜನಕ್ಕೆ ಗೊತ್ತಿಲ್ಲ, ಸಾಮಾನ್ಯವಾಗಿ ಯಾವ್ದೇ ಸದಸ್ಯರು ಕೇಳಿದ್ರೂ ಒಂದು ಐಟಂನ ಆ ಕಟ್ಟಿನಿಂದ ಹೊರಗೆ ತೆಗ್ದು ಬೇರೆ ಚರ್ಚೆ ಮಾಡ್ಬೇಕಾಗತ್ತೆ. ಅಂದ್ರೆ ಸಭೆಗೆ ಮುಂಚೆ ನಿಮ್ಮ ವಾರ್ಡ್ ಸದಸ್ಯರಿಗೆ ಇಂಥ ನಂಬರಿನ ಐಟಂ ತೆಗ್ಸಿ, ಇಂಥ ಪ್ರಶ್ನೆ ಕೇಳಿ ಅಂತ ಒಂದು ಮೇಲ್ ಹಾಕಿ ಸಾಕು. ಸಭೇಲಿ ಮೈಕ್ ಮುಂದೆ ನಿಂತು ಎರಡ್ಮೂರು ನಿಮಿಷ ಆವೇಶವಾಗಿ ಮಾತಾಡೋದಕ್ಕಿಂತ ಇದು ಎಷ್ಟೋ ಪಾಲು ಕೆಲ್ಸ ಮಾಡತ್ತೆ.

ಈಗ ಸುರಕ್ಷತೆ ಕಡೆ. ಬೆಂಕಿ ಆರ್ಸೋರ ಕೋಟು ಪ್ಯಾಂಟು ಖರೀದಿ ಅಂತ ಒಂದು ಸಾಲು ಬರತ್ತೆ, ನೋಡಿದ್ರೆ ಯೂನಿಫಾರ್ಮ್ ಖರ್ಚಿನ ಥರ ಕಾಣತ್ತೆ. ಆದ್ರೆ ಅಮೆರಿಕದ ಎನ್‌ಎಫ್‌ಪಿಎ ಅನ್ನೋ ಬೆಂಕಿ ಸುರಕ್ಷತೆ ಸಂಸ್ಥೆಯ ಮಾನದಂಡದ ಪ್ರಕಾರ ಆ ಬಟ್ಟೆ ತಯಾರಾಗಿ 10 ವರ್ಷ ಆದ್ಮೇಲೆ ನೋಡೋಕೆ ಚೆನ್ನಾಗಿದ್ರೂ ಬಳಸೋ ಹಾಗಿಲ್ಲ, ಶಾಖಕ್ಕೆ, ಬಿಸಿಲಿಗೆ, ಒಗೆತಕ್ಕೆ ಒಳಗಿನ ಪದರಗಳು ಸೋತೋಗಿರತ್ವೆ. ಉಸಿರಾಡೋ ಸಿಲಿಂಡರಿಗೂ ಹಂಗೇ, ಕಾಂಪೋಸಿಟ್ (ಫೈಬರ್ ಸುತ್ತಿದ ಹಗುರ) ಸಿಲಿಂಡರ್ ಆದ್ರೆ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಪ್ರೆಶರ್ ಟೆಸ್ಟ್, 15 ವರ್ಷಕ್ಕೆ ಆಯುಸ್ಸು ಮುಗೀತು. ಈ ವರ್ಷ ಬೇಡ, ಮುಂದಿನ ಬಜೆಟ್ಟಲ್ಲಿ ನೋಡೋಣ ಅಂತ ಕೌನ್ಸಿಲ್ ಮುಂದಕ್ಕೆ ಹಾಕಿದ್ರೆ ಉರಿಯೋ ಮನೆಯೊಳಗೆ ಹೋಗೋನು ಹಳೇ ಕೋಟಲ್ಲೇ ಹೋಗ್ಬೇಕು. ಇದನ್ನ ಉಳಿತಾಯ ಅಂತ ಬರ್ಕೊಳೋದು ನಂಗೆ ಒಪ್ಪೋಕಾಗಲ್ಲ.

ಲಂಡನ್ನಿನ ಗ್ರೆನ್‌ಫೆಲ್ ಟವರ್ ನೆನಪಿರಬೇಕಲ್ಲ, ಕೌನ್ಸಿಲ್ ಮಾಲೀಕತ್ವದ ಕಟ್ಟಡ. ನವೀಕರಣದಲ್ಲಿ ಹೊರಗೋಡೆಗೆ ಮೊದ್ಲು ಸತುವಿನ ಹೊದಿಕೆ ಅಂತಿತ್ತು, ಆಮೇಲೆ ಅದನ್ನ ಬದಲಾಯಿಸಿ ಒಳಗೆ ಪ್ಲಾಸ್ಟಿಕ್ ತಿರುಳಿರೋ ಅಲ್ಯೂಮಿನಿಯಂ ಶೀಟ್ ಹಾಕಿದ್ರು, ಉಳಿದಿದ್ದು 3 ಲಕ್ಷ ಪೌಂಡಿಗಿಂತ ಸ್ವಲ್ಪ ಕಮ್ಮಿ. 2017ರ ಜೂನ್ 14ರ ರಾತ್ರಿ ಆ ಹೊದಿಕೆ ಹಿಡ್ಕೊಂಡೇ ಬೆಂಕಿ ಮೇಲಕ್ಕೆ ಹತ್ತಿ 72 ಜನ ಸತ್ತೋದ್ರು. ತಪ್ಪು ಒಬ್ಬರದ್ದಲ್ಲ, ಹೊದಿಕೆ ಮಾರಿದ ಕಂಪ್ನಿ, ತಪಾಸಣೆ ಮಾಡ್ಬೇಕಾದೋರು, ಸರ್ಕಾರದ ನಿಯಮ, ಎಲ್ಲದ್ರ ಪಾಲೂ ಇದೆ. ಆದ್ರೆ ಕಾಗದದ ಮೇಲೆ ಅದೊಂದು ವೆಚ್ಚ ಕಡಿತದ ಸಾಲು. ಅವತ್ತಿಂದ ನಾನು ಯಾವ ಅಜೆಂಡಾದಲ್ಲೇ "ಬದಲಿ ಸಾಮಗ್ರಿ" ಅಂತ ಕಂಡ್ರೂ ಅಲ್ಲೇ ನಿಲ್ತೀನಿ.

ಕೆಟ್ಟದ್ದೇ ಆಗತ್ತೆ ಅಂತಲ್ಲ. ನಾರ್ವೆ ದೇಶದ ಓಸ್ಲೋದಲ್ಲಿ ವೇಗದ ಮಿತಿ ಇಳಿಸೋದು, ಪಾರ್ಕಿಂಗ್ ಜಾಗ ತೆಗೆಯೋದು, ಸೈಕಲ್ ದಾರಿ ಮಾಡೋದು ಇಂಥ ಸಣ್ಣ ಸಣ್ಣ ನಿರ್ಧಾರಗಳನ್ನ ವರ್ಷಗಟ್ಟಲೆ ತಗೊಂಡ್ರು, 2019ರಲ್ಲಿ ಇಡೀ ನಗರದಲ್ಲಿ ನಡ್ಕೊಂಡು ಹೋಗೋರಾಗ್ಲಿ ಸೈಕಲ್ ಹೊಡಿಯೋರಾಗ್ಲಿ ಒಬ್ರೂ ರಸ್ತೇಲಿ ಸಾಯಲಿಲ್ಲ.

ಇನ್ನು ಗ್ರಾಂಟ್ ಐಟಂ. ಹೊರಗಿಂದ ದುಡ್ಡು ಬರ್ತಿದೆ ಅಂದ್ರೆ ಎಲ್ರೂ ಖುಷಿಯಾಗಿ ಕೈ ಎತ್ತಿಬಿಡ್ತಾರೆ, ಆಂಬುಲೆನ್ಸ್ ಏನೋ ಬರತ್ತೆ, ಅದನ್ನ ಓಡ್ಸೋರ ಸಂಬಳ, ರಿಪೇರಿ ಗ್ರಾಂಟ್ ಮುಗಿದ್ಮೇಲೆ ಯಾರ್ ಕೊಡ್ತಾರೆ ಅಂತ ವರದೀಲಿ ಹುಡುಕಿ, ಎಷ್ಟೋ ಸಲ ಸಿಗಲ್ಲ.

ಎರಡು ಸ್ಟಾರ್ ಯಾಕ್ ಕಟ್ ಮಾಡ್ದೆ ಅಂದ್ರೆ, ನಾನು ನೋಡೋ ಕೌನ್ಸಿಲ್‌ನಲ್ಲಿ ಲಗತ್ತೆಲ್ಲ ಸ್ಕ್ಯಾನ್ ಮಾಡಿದ ಫೋಟೋಗಳು, ಹುಡುಕೋಕೆ ಬರಲ್ಲ, ಅದಕ್ಕೊಂದು ಹೋಯ್ತು. ಇನ್ನೊಂದು ಹೋಗಿದ್ದು ಪಾಸಾದ್ಮೇಲೆ ಏನಾಯ್ತು ಅಂತ ಯಾರೂ ಹೇಳಲ್ಲ ಅನ್ನೋದಕ್ಕೆ, ಸಿಗ್ನಲ್ ಮಂಜೂರಾಯ್ತು, ಹಾಕಿದ್ರಾ, ಅಪಘಾತ ಕಮ್ಮಿ ಆಯ್ತಾ, ಮುಂದಿನ ಯಾವ ಸಭೇಲೂ ಬರಲ್ಲ. ಪ್ರತಿ ಸುರಕ್ಷತೆ ಐಟಂ ಪಕ್ಕ ಕೊನೇ ತಪಾಸಣೆ ತಾರೀಕು, ಕೆಲ್ಸ ಮುಗಿಯೋ ತಾರೀಕು ಎರಡನ್ನೂ ಹಾಕೋಕೆ ಶುರು ಮಾಡಿದ್ರೆ ಅವತ್ತೇ ಬಂದು 4 ಮಾಡ್ತೀನಿ.