ವೀಟ್ ಬಿಯರೋ, ಪೇಲ್ ಏಲೋ, ಸ್ಟೌಟೋ?

ಮನೆಯಲ್ಲೇ ಬಿಯರ್ ಮಾಡುವವರು ಈ ಮೂರರಲ್ಲಿ ಯಾವುದನ್ನು ಆರಿಸಬೇಕು? ಲೆಕ್ಕವೆಲ್ಲ 20 ಲೀಟರಿಗೆ. (ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು ಅಪರಾಧ, ಇದು ಅಮೆರಿಕದಂಥ ಕಡೆ ಇರುವವರಿಗೆ.)

ಬೇಗ ಬೇಕೆಂದರೆ ಜರ್ಮನ್ ವೀಟ್ ಬಿಯರ್ ಹೆಫೆವೈಜನ್. ಗೋಧಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) 2.5 ಕಿಲೊ, ಪಿಲ್ಸ್‌ನರ್ ಮಾಲ್ಟ್ (ತಿಳಿಬಣ್ಣದ ಬಾರ್ಲಿಯದು) 2 ಕಿಲೊ, ಹ್ಯಾಲರ್‌ಟೌ ಹಾಪ್ಸ್ (ಕಹಿ, ಪರಿಮಳ ಕೊಡುವ ಹೂ) 25 ಗ್ರಾಂ. ಮೂರು ವಾರಕ್ಕೆ ಸಿದ್ಧ. ಆದರೆ ರುಚಿಯೆಲ್ಲ ಯೀಸ್ಟಿನದು: ಹುದುಗುವಾಗ 18 ಡಿಗ್ರಿಯಲ್ಲಿ ಲವಂಗದ ಘಮ, 22 ದಾಟಿದರೆ ಬರೀ ಬಾಳೆಹಣ್ಣು. ನೊರೆ ಉಕ್ಕಿ ಗ್ಯಾಸ್ ಹೊರಬಿಡುವ ಏರ್‌ಲಾಕ್ ಕಟ್ಟಿಕೊಳ್ಳುತ್ತದೆ. ಪಾತ್ರೆಯಲ್ಲಿ ಕಾಲುಭಾಗ ಖಾಲಿ ಬಿಡಿ.

ಪೇಲ್ ಏಲ್‌ಗೆ ಹಾಪ್ಸೇ ಜೀವ, ಖರ್ಚೂ ಅಲ್ಲೇ. ಬಾಟಲಿಗೆ ತುಂಬುವಾಗ ಗಾಳಿ ಸೇರಿದರೆ ಪರಿಮಳ ಹೋಗಿ ಒದ್ದೆ ರಟ್ಟಿನ ವಾಸನೆ ಉಳಿಯುತ್ತದೆ.

ತಿಂಗಳು ತಿಂಗಳೂ ಮಾಡುವ ಹೊಸಬರಿಗೆ ಐರಿಷ್ ಡ್ರೈ ಸ್ಟೌಟೇ (ಸಿಹಿಯಿಲ್ಲದ ಕಪ್ಪು ಬಿಯರ್) ಸರಿ. ಪೇಲ್ ಮಾಲ್ಟ್ 3 ಕಿಲೊ, ಅವಲಕ್ಕಿಯಂತೆ ಒತ್ತಿದ ಬಾರ್ಲಿ 800 ಗ್ರಾಂ, ಕಪ್ಪಗೆ ಹುರಿದ ಬಾರ್ಲಿ 400 ಗ್ರಾಂ, ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹಾಪ್ಸ್ 45 ಗ್ರಾಂ. ಹುರಿದ ರುಚಿ ಸಣ್ಣಪುಟ್ಟ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ನೀರಿನಲ್ಲಿ ಖನಿಜ ತೀರಾ ಕಡಿಮೆಯಿದ್ದರೆ ಮಾತ್ರ ಹುಳಿ, ಒಗರು. ಮ್ಯಾಶಿಗೆ (ಬಿಸಿನೀರಲ್ಲಿ ನೆನೆಸಿದ ಮಾಲ್ಟಿಗೆ) ಚಿಟಿಕೆ ಅಡುಗೆ ಸೋಡಾ ಹಾಕಿ.

ಬಾಟಲಿಗೆ ತುಂಬುವಾಗ ಗ್ಯಾಸಿಗಾಗಿ ಇಡೀ 20 ಲೀಟರಿಗೆ ಸೇರಿಸುವ ಸಕ್ಕರೆ ಸ್ಟೌಟಿಗೆ 80 ಗ್ರಾಂ, ವೀಟ್ ಬಿಯರಿಗೆ 150. ಹೈಡ್ರೋಮೀಟರ್ (ಸಾಂದ್ರತೆ ಅಳೆಯುವ ಉಪಕರಣ) ಮೂರು ದಿನ ಒಂದೇ ಅಂಕಿ ತೋರಿಸುವ ಮುನ್ನವೇ ತುಂಬಿದರೆ ಬಾಟಲಿ ಸಿಡಿಯಬಹುದು.