150-600 ಜೂಮ್ ಲೆನ್ಸ್: ತೋಟದ ಹಕ್ಕಿಗೂ ಬಂದರಿನ ಹಡಗಿಗೂ ಇದೊಂದೇ, ಐದು ವರ್ಷದ ಬಳಕೆಯ ನಂತರ

ಐದು ವರ್ಷದಿಂದ ಈ ಲೆನ್ಸಿನಲ್ಲಿ (150ರಿಂದ 600 ಎಂಎಂವರೆಗೆ ಜೂಮ್ ಆಗುತ್ತದೆ, ಅಂಕಿ ಹೆಚ್ಚಾದಷ್ಟು ದೂರದ್ದು ದೊಡ್ಡದಾಗಿ ಕಾಣುತ್ತದೆ) ತೆಗೆದದ್ದೆಲ್ಲ ಬಂದು ಹೋಗುವವರ ಫೋಟೋಗಳೇ. ತೋಟಕ್ಕೆ ಬರುವ ಗುಬ್ಬಿ, ಅಳಿಲು, ಚಿಟ್ಟೆ, ಮತ್ತೆ ಬಂದರಿಗೆ ಬರುವ ಹಡಗು. ಎರಡಕ್ಕೂ ಒಂದೇ ಲೆನ್ಸ್ ಸಾಕಾ ಅಂದರೆ, ಸಾಕು. ಆದರೆ ಎರಡು ಕಡೆ ಇದು ಕೈಕೊಡುವ ರೀತಿ ಬೇರೆ ಬೇರೆ.

ಮೊದಲು ತೋಟ. ಇದು ಸುಮಾರು 2.8 ಮೀಟರ್‌ಗಿಂತ ಹತ್ತಿರ ಫೋಕಸ್ ಮಾಡುವುದಿಲ್ಲ. ಗುಬ್ಬಿ ಧೈರ್ಯ ಮಾಡಿ ಕಿಟಕಿ ಪಕ್ಕಕ್ಕೇ ಬಂದು ಕೂತರೆ ಸುಮ್ನೆ ನೋಡಬೇಕು, ಅಷ್ಟೇ. ಇನ್ನೊಂದು ವಿಷಯ ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು: ಎಪಿಎಸ್-ಸಿ ಕ್ಯಾಮೆರಾದಲ್ಲಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್ ಇರುವುದು) 600 ಎಂಎಂ, ಎಫ್ 6.3 (ಬೆಳಕು ಬಿಡುವ ಕಿಂಡಿಯ ಅಳತೆ, ಅಂಕಿ ಹೆಚ್ಚಾದಷ್ಟು ಕಿಂಡಿ ಚಿಕ್ಕದು, ಶಾರ್ಪ್ ಆಗುವ ಆಳ ಜಾಸ್ತಿ) ಇಟ್ಟು ನಾಲ್ಕು ಮೀಟರ್ ದೂರದ ಹಕ್ಕಿಗೆ ಗುರಿಯಿಟ್ಟರೆ ಶಾರ್ಪ್ ಆಗಿ ಸಿಗುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಆಳ ಮಾತ್ರ. ಕೊಕ್ಕು ಚೆನ್ನಾಗಿ ಬಂದು ಕಣ್ಣು ಮಸುಕಾದ ನೂರಾರು ಫೋಟೋ ಅಳಿಸಿದ್ದೇನೆ. ಲೆನ್ಸೇ ಕೆಟ್ಟಿದೆ ಅಂದುಕೊಂಡಿದ್ದೆ. ಈಗ ಎಫ್ 8 ಇಟ್ಟು, ಫೋಕಸ್ ಪಾಯಿಂಟ್ ಕಣ್ಣಿನ ಮೇಲೇ ಇಡುತ್ತೇನೆ. ಶಟರ್ ವೇಗ 1/1000 ಸೆಕೆಂಡಿಗಿಂತ ಕೆಳಗೆ ಇಳಿಸುವುದಿಲ್ಲ, ಹಾರುವ ಹಕ್ಕಿಗಾದರೆ 1/2000. ಸಂಜೆ ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ) ಏರುತ್ತದೆ, ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಅದಕ್ಕೆ ಪರಿಹಾರ ಸಿಕ್ಕಿಲ್ಲ.

ಆದರೂ ಇದು ಕೊಟ್ಟ ದೊಡ್ಡ ಸುಖ ಅಂದರೆ ದೂರ ಇರಲು ಬಿಡುವುದು. ನಾನು ಹತ್ತು ಮೀಟರ್ ಆಚೆ ಕೂತರೆ ಗುಬ್ಬಿ ನೀರಿನ ತಟ್ಟೆಯಲ್ಲಿ ರೆಕ್ಕೆ ಬಡಿದು ಸ್ನಾನ ಮುಗಿಸಿ, ಮೈ ಒಣಗಿಸಿಕೊಂಡು, ಆಮೇಲೆ ಹೋಗುತ್ತದೆ. ಚಿಕ್ಕ ಲೆನ್ಸ್ ಹಿಡಿದು ಹತ್ತಿರ ಹೋಗುತ್ತಿದ್ದಾಗ ನನಗೆ ಸಿಗುತ್ತಿದ್ದುದು ಬೆದರಿದ ಹಕ್ಕಿಯ ಫೋಟೋ ಮಾತ್ರ. ಗೂಡಿನ ಹತ್ತಿರ ಮಾತ್ರ ಈ ಲೆನ್ಸ್ ಇದ್ದರೂ ಹೋಗಬೇಡಿ, ದಯವಿಟ್ಟು.

ಹಡಗಿನ ಕಥೆ ಉಲ್ಟಾ. ಹಡಗು ನಿಧಾನ, ಫೋಕಸ್ ಸುಲಭ, 1/500 ಸಾಕು. ತೊಂದರೆ ಇರುವುದು ನಡುವಿನ ಗಾಳಿಯಲ್ಲಿ. ಬಿಸಿಲೇರಿದ ಮೇಲೆ ಎರಡು ಕಿಲೋಮೀಟರ್ ಆಚೆಯ ಹಡಗಿನ ಅಂಚು ನೀರಿನಲ್ಲಿ ಕಂಡಂತೆ ನಡುಗುತ್ತದೆ, ಎಷ್ಟು ಒಳ್ಳೆ ಲೆನ್ಸ್ ಇದ್ದರೂ, ಎಷ್ಟು ಗಟ್ಟಿ ಟ್ರೈಪಾಡ್ ಇದ್ದರೂ. ಬೆಳಿಗ್ಗೆ ಬೇಗ ಹೋಗಬೇಕು, ಬೇರೆ ದಾರಿಯಿಲ್ಲ. ಅದೇ ಹಡಗು ಧಕ್ಕೆಗೆ, ಅಂದರೆ ಹಡಗು ಕಟ್ಟುವ ಕಟ್ಟೆಗೆ, ಬಂದು ನಿಂತರೆ 150 ಕೂಡ ಜಾಸ್ತಿಯಾಗಿ ಬರೀ ತುಕ್ಕು ಹಿಡಿದ ಲಂಗರು ಫ್ರೇಮ್ ತುಂಬುತ್ತದೆ. ನನಗೇನೋ ಆ ಫೋಟೋಗಳೂ ಇಷ್ಟ.

ಸವೆತ ಹೀಗಿದೆ: ಮೂರನೇ ವರ್ಷದಿಂದ ಲೆನ್ಸ್ ಕೆಳಮುಖ ಹಿಡಿದರೆ ತಾನಾಗಿಯೇ ಉದ್ದಕ್ಕೆ ಜಾರುತ್ತದೆ, ಲಾಕ್ ಹಾಕಿಯೇ ನಡೆಯಬೇಕು. ತೂಕ ಎರಡು ಕಿಲೋ ಹತ್ತಿರ, ಮಾನೋಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಇಲ್ಲದೆ ಅರ್ಧ ಗಂಟೆಗೇ ಭುಜ ನೋಯುತ್ತದೆ. ಸಮುದ್ರದ ಕಡೆಯಿಂದ ಬಂದ ದಿನ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ, ಒಣಗಿಸಿ, ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡುತ್ತೇನೆ. ಈವರೆಗೆ ಫಂಗಸ್ ಬಂದಿಲ್ಲ.

ಬದಲಾಯಿಸುವ ಯೋಚನೆ ಎರಡು ಸಲ ಬಂದಿತ್ತು. ಬದಲಾಯಿಸಲಿಲ್ಲ. ಯಾಕೆ ಅಂತ ಹೇಳುತ್ತೇನೆ. ಹಡಗಿನ ಹಿಂಬದಿಯಲ್ಲಿ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಚಿಕ್ಕ ಹೆಸರು) ಅಂತ ಬರೆದು ಮುಂದೆ ಏಳು ಅಂಕಿ ಇರುತ್ತದೆ. ಹೆಸರು, ಬಾವುಟ, ಮಾಲೀಕರು ಬದಲಾದರೂ ಆ ಅಂಕಿ ಬದಲಾಗುವುದಿಲ್ಲ. ಕಳೆದ ವರ್ಷ ಹೊಸ ಹೆಸರು, ಹೊಸ ಬಣ್ಣದ ಹಡಗೊಂದರ ಫೋಟೋ ಹಿಗ್ಗಿಸಿ ಆ ಅಂಕಿ ಓದಿದೆ. ಹಳೆಯ ಫೋಲ್ಡರ್‌ನಲ್ಲಿ ಅದೇ ಏಳು ಅಂಕಿ ಸಿಕ್ಕಿತು, ಮೂರು ವರ್ಷ ಹಿಂದೆ ಬಂದು ಹೋಗಿದ್ದ ಹಡಗು! ಅದೇ ವಾರ ತೋಟದ ಫೋಟೋಗಳನ್ನೂ ಹೀಗೇ ಹಿಗ್ಗಿಸಿ ನೋಡಿದೆ. ಎಡಗಾಲಿನ ಒಂದು ಬೆರಳಿಲ್ಲದ ಗುಬ್ಬಿಯೊಂದು ನಾಲ್ಕು ತಿಂಗಳ ಫೋಟೋಗಳಲ್ಲೂ ಇತ್ತು.